ಪೆಟ್ಲುಪ್ಪು ಕೆರೆದ ಕೈಗಳು

ಹಳೇ ದನದ ಕೊಟ್ಟಿಗೆಯ ಮಣ್ಣುಗೋಡೆಯನ್ನು ಬೇಸಿಗೆಯಲ್ಲಿ ನೋಡಿದ್ದೀರಾ? ಬುಡದಲ್ಲಿ ಬೂದಿಯಂಥ ಬಿಳಿ ಪುಡಿ ಎದ್ದಿರುತ್ತದೆ. ನಮ್ಮಜ್ಜಿ ಅದನ್ನು ನೋಡಿ ‘ಗೋಡೆ ಉಪ್ಪು ಉಗುಳ್ತಾ ಐತೆ’ ಅನ್ನುತ್ತಿದ್ದಳು. ಹುಡುಗರು ನಾವು ನಾಲಿಗೆಗೆ ಮುಟ್ಟಿಸಿ ಥೂ ಅಂತ ಉಗಿದು ಓಡುತ್ತಿದ್ದೆವು. ತೇರಿನ ರಾತ್ರಿ ಅದೇ ಊರಿನ ಆಕಾಶದಲ್ಲಿ ಬಾಣಬಿರುಸು ಹಾರುವಾಗ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆವು. ಗೋಡೆಯ ಬುಡದ ಆ ಪುಡಿಗೂ ಆಕಾಶದ ಈ ಬೆಳಕಿಗೂ ಸಂಬಂಧ ಉಂಟು ಅಂತ ಯಾವ ಮೇಷ್ಟರೂ ಹೇಳಿಕೊಡಲಿಲ್ಲ.

ಕರಿಮದ್ದಿನಲ್ಲಿ ಇರುವುದು ಮೂರೇ ವಸ್ತು. ಇದ್ದಿಲು, ಗಂಧಕ, ಪೆಟ್ಲುಪ್ಪು. ಇದರಲ್ಲಿ ದೊಡ್ಡ ಪಾಲು ಪೆಟ್ಲುಪ್ಪಿನದು. ಚೀನಾದವರು ಇದನ್ನು ಮೊದಲು ಕಂಡುಕೊಂಡರು. 1044ರ ಹೊತ್ತಿಗೆ ಅವರ ಯುದ್ಧಗ್ರಂಥದಲ್ಲಿ ಮದ್ದಿನ ವಿವರವೇ ಬರೆದಿಟ್ಟಿತ್ತು. ಮುಂದಿನ ಚರಿತ್ರೆ ನಮಗೆ ಗೊತ್ತು, ಯಾಕೆಂದರೆ ಅದನ್ನೇ ಉರು ಹೊಡೆಸಿದ್ದಾರೆ: ಬಾಬರನ ತೋಪು, ಟಿಪ್ಪುವಿನ ರಾಕೆಟ್ಟು, ಕಂಪನಿಯ ಫಿರಂಗಿ. ಆದರೆ ತೋಪಿನ ಹೊಟ್ಟೆಗೆ ಮದ್ದು ಎಲ್ಲಿಂದ ಬಂತು? ಯಾರು ತೆಗೆದರು? ಈ ಪ್ರಶ್ನೆ ಪರೀಕ್ಷೆಯಲ್ಲಿ ಬರುವುದಿಲ್ಲ.

ಮದ್ದು ಬರೀ ಯುದ್ಧದ ಮಾತಲ್ಲ, ದೊಡ್ಡವರ ಹವ್ಯಾಸವೂ ಆಗಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಮಹಾನವಮಿಯ ಬಾಣಬಿರುಸನ್ನು ಕಂಡು ಬೆರಗಾಗಿ ಬರೆದಿದ್ದಾನೆ. ಮುಂದೆ ಕೃಷ್ಣದೇವರಾಯನೊಡನೆ ಕಾದಾಡಿದ ಒರಿಸ್ಸಾದ ಗಜಪತಿ ಪ್ರತಾಪರುದ್ರನ ಹೆಸರಲ್ಲಿ ‘ಕೌತುಕಚಿಂತಾಮಣಿ’ ಎಂಬ ಸಂಸ್ಕೃತ ಗ್ರಂಥವೇ ಇದೆ. ಕಲ್ಪವೃಕ್ಷಬಾಣ, ಚಾಮರಬಾಣ, ಚಂದ್ರಜ್ಯೋತಿ, ಚಂಪಾಬಾಣ ಅಂತ ಬಗೆಬಗೆಯ ಬಿರುಸು ಮಾಡುವ ವಿಧಾನ ಅದರಲ್ಲಿದೆ. ಹೆಸರುಗಳು ಎಷ್ಟು ಚೆಂದ ನೋಡಿ! ಸುಣ್ಣ ಬಳಿದ ಅರಮನೆಯಲ್ಲಿ ಕೂತು ಬರೆದ ಹೆಸರುಗಳು. ಅರಸನಿಗೆ ಅದು ಕೌತುಕ. ಮಣ್ಣು ಕೆರೆದವನಿಗೆ ಅದು ಕೂಳು. ಕೌತುಕಕ್ಕೆ ಗ್ರಂಥವಾಯಿತು, ಕೂಳಿಗೆ ಆಗಲಿಲ್ಲ.

ಈ ಉಪ್ಪು ಹುಟ್ಟುವುದೇ ಹೇಸಿಗೆ ಅಂತ ಮೂಗು ಮುಚ್ಚಿಕೊಳ್ಳುವ ಜಾಗದಲ್ಲಿ. ಗಂಜಲ, ಸಗಣಿ, ಉಚ್ಚೆ ಬಿದ್ದ ಮಣ್ಣಿನಲ್ಲಿ ಕಣ್ಣಿಗೆ ಕಾಣದ ಜೀವಿಗಳು ಕೆಲಸ ಮಾಡುತ್ತವೆ. ಮಳೆ ಹೋಗಿ ಬಿಸಿಲೇರಿದಂತೆ ಒಳಗಿನ ತೇವ ಮೇಲಕ್ಕೆ ಏರಿ ಆರಿ, ಉಪ್ಪು ಮಾತ್ರ ನೆಲದ ಮೇಲೆ ಉಳಿಯುತ್ತದೆ. ಬಿಹಾರದ ತಿರಹುತ, ಸಾರಣ, ಚಂಪಾರಣದ ನೆಲ ಇದಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿ ಆ ಮಣ್ಣನ್ನು ಕೆರೆದು ಬುಟ್ಟಿಯಲ್ಲಿ ಹೊತ್ತು, ನೀರು ಹೊಯ್ದು ಸೋಸಿ, ಒಲೆಯ ಮುಂದೆ ಕೂತು ಕುದಿಸಿ ಪೆಟ್ಲುಪ್ಪು ತೆಗೆದವರು ನೋನಿಯಾ ಜನ. ‘ನೋನ್’ ಅಂದರೆ ಉಪ್ಪು. ನಮ್ಮ ಕಡೆ ಚೌಳು ಮಣ್ಣಿನಿಂದ ಉಪ್ಪು ತೆಗೆಯುತ್ತಿದ್ದ ಉಪ್ಪಾರರು ಇದ್ದಾರಲ್ಲ, ಹಾಗೆಯೇ. ಚಾಮರಾಜನಗರದ ಕಡೆಯ ಉಪ್ಪಿನಮೋಳೆಯಂಥ ಊರಿನ ಹೆಸರಲ್ಲಿ ಆ ಉಪ್ಪು ಇನ್ನೂ ಅಂಟಿಕೊಂಡಿದೆ. ಕಸುಬು ಹೋಯಿತು, ಹೆಸರು ಉಳಿಯಿತು.

ಇಂಗ್ಲೆಂಡಿನಲ್ಲೂ ಒಂದು ಕಾಲಕ್ಕೆ ಇದಕ್ಕೆ ಪರದಾಟವೇ ಇತ್ತು. ರಾಜನ ಕಡೆಯ ಆಳುಗಳು ಮನೆ ಮನೆ ನುಗ್ಗಿ ನೆಲ ಅಗೆಯುತ್ತಿದ್ದರು. 1626ರಲ್ಲಿ ಒಂದನೇ ಚಾರ್ಲ್ಸ್ ದೊರೆ, ಪ್ರಜೆಗಳು ತಮ್ಮ ಉಚ್ಚೆಯನ್ನು ಕೂಡಿಡಬೇಕು ಅಂತ ಆಜ್ಞೆ ಹೊರಡಿಸಿದ. ಜನ ತಿರುಗಿಬಿದ್ದರು. 1656ರಲ್ಲಿ ಮನೆಯವನ ಒಪ್ಪಿಗೆ ಇಲ್ಲದೆ ಅಗೆಯಬಾರದು ಅಂತ ಕಾನೂನೂ ಆಯಿತು. ಆದರೆ ಫಿರಂಗಿಯ ಹಸಿವು ನಿಂತಿತೇ? ಹಡಗುಗಳು ಪಾಟ್ನಾದ ಕಡೆಯ ಮಾಲು ತುಂಬಿಕೊಳ್ಳತೊಡಗಿದವು. ಅಲ್ಲಿಯ ಮನೆಯೊಡೆಯನ ನೆಲ ಉಳಿಯಿತು, ಇಲ್ಲಿಯವನ ಬೆನ್ನು ಬಾಗಿತು. ಇಂಗ್ಲಿಷರು, ಡಚ್ಚರು, ಫ್ರೆಂಚರು ಪೈಪೋಟಿಗೆ ಬಿದ್ದರು. ದಲ್ಲಾಳಿಗಳ ಕೈಯಲ್ಲಿ ಮುಂಗಡ ಬಂತು. ಮುಂಗಡ ಅಂದರೆ ಏನೆಂದು ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಿಲ್ಲ. 1757ರಲ್ಲಿ ಪ್ಲಾಸಿ ಗೆದ್ದ ಕಂಪನಿ, ಮರುವರ್ಷವೇ ಮೀರ್ ಜಾಫರನಿಂದ ಬಿಹಾರದ ಪೆಟ್ಲುಪ್ಪನ್ನು ತನ್ನೊಬ್ಬನ ಹಕ್ಕಾಗಿ ಬರೆಸಿಕೊಂಡಿತು. ಮಾರುವವರು ಸಾವಿರಾರು, ಕೊಳ್ಳುವವನು ಒಬ್ಬನೇ. ಬೆಲೆ ಯಾರು ಕಟ್ಟುತ್ತಾರೆ, ನೀವೇ ಹೇಳಿ.

ನಮ್ಮ ನಾಡಿನ ರಾಕೆಟ್ಟಿನ ಕತೆ ಎಲ್ಲರಿಗೂ ಹೆಮ್ಮೆಯದು. 1780ರ ಪೊಳ್ಳಿಲೂರಿನಲ್ಲಿ ಕಂಪನಿಯ ಸೇನೆ ಮಣ್ಣು ಮುಕ್ಕಿತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅದೇ ರಾಕೆಟ್ಟುಗಳನ್ನು ನೋಡಿ ಕಾಂಗ್ರೀವ್ ಇಂಗ್ಲೆಂಡಿನಲ್ಲಿ ತನ್ನದನ್ನು ಮಾಡಿದ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ಬಿದನೂರಿನ ಹಾಳುಬಾವಿಯಲ್ಲಿ ಸಾವಿರಕ್ಕೂ ಹೆಚ್ಚು ತುಕ್ಕು ಹಿಡಿದ ರಾಕೆಟ್ಟು ಸಿಕ್ಕವು. 2017ರಲ್ಲಿ ರೈಲುಹಳಿಗೆ ಅಡ್ಡ ಬಂತೆಂದು ಶ್ರೀರಂಗಪಟ್ಟಣದ ಮದ್ದಿನಮನೆಯನ್ನು ಇಡಿಯಾಗಿ ಎತ್ತಿ ನೂರು ಮೀಟರಿಗೂ ಆಚೆ ಸರಿಸಿದರು. ಇಟ್ಟಿಗೆ ಗಾರೆಯ ಮೇಲೆ ಎಷ್ಟು ಅಕ್ಕರೆ! ಆಗಲಿ, ಬೇಡ ಅನ್ನುವುದಿಲ್ಲ. ಆದರೆ ಆ ಮನೆಗೆ ಮದ್ದು ಹೊತ್ತು ತಂದ ತಲೆ ಯಾರದು, ಅರೆದ ಕೈ ಯಾವುದು? ಅದರ ಒಂದು ಇಟ್ಟಿಗೆಯೂ ಉಳಿದಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಅಮೆರಿಕದ ಮರುಭೂಮಿಯ ನೈಟ್ರೇಟು ಅಗ್ಗಕ್ಕೆ ಬಂತು. ಹೊಗೆಯಿಲ್ಲದ ಹೊಸ ಮದ್ದು ಬಂತು. ನೋನಿಯಾರ ಒಲೆ ಆರಿತು. ಮೇಲಿಂದ ಉಪ್ಪಿನ ಕರ. ಪೆಟ್ಲುಪ್ಪು ಕುದಿಸುವಾಗ ಅಡಿಗೆ ಉಪ್ಪೂ ಜೊತೆಗೆ ಬರುತ್ತದಲ್ಲ, ಅದಕ್ಕೆ ಸರ್ಕಾರದ ಕಾವಲು, ಲೈಸೆನ್ಸು. 1930ರಲ್ಲಿ ಗಾಂಧಿ ದಂಡಿಯಲ್ಲಿ ಹಿಡಿ ಉಪ್ಪು ಎತ್ತಿದ್ದನ್ನು ಲೋಕವೇ ನೋಡಿತು. ಅದಕ್ಕೂ ಮೊದಲೇ ತನ್ನ ನೆಲದ ಉಪ್ಪಿಗೆ ಅಪರಾಧಿಯಾದವನನ್ನು ಯಾರೂ ನೋಡಲಿಲ್ಲ. ಮಣ್ಣು ಕೆರೆಯುತ್ತಿದ್ದವರು ಕೆರೆ, ರಸ್ತೆ, ರೈಲುದಾರಿಯ ಮಣ್ಣು ಹೊತ್ತರು. ಮುಂದೆ ಅವರಲ್ಲಿ ಅನೇಕರು ತಾವು ಚೌಹಾಣ ರಜಪೂತರು ಅಂತ ಹೇಳಿಕೊಂಡರು. ನಗಬೇಡಿ. ಚರಿತ್ರೆಯಲ್ಲಿ ಜಾಗ ಕೊಡದಿದ್ದರೆ ಮನುಷ್ಯ ವಂಶಾವಳಿಯಲ್ಲಾದರೂ ಜಾಗ ಹುಡುಕುತ್ತಾನೆ.

ಇದೆಲ್ಲ ಮುಗಿದ ಕತೆ ಅಂದುಕೊಳ್ಳಬೇಡಿ. ಶಿವಕಾಶಿಯ ಶೆಡ್ಡುಗಳಲ್ಲಿ ಬೆರಳಿಗೆ ಮದ್ದು ಮೆತ್ತಿಕೊಂಡ ಹೆಂಗಸರು ಈಗಲೂ ಕೂತಿದ್ದಾರೆ. 2012ರ ಸೆಪ್ಟೆಂಬರ್ 5ರಂದು ಅಲ್ಲಿನ ಮುದಲಿಪಟ್ಟಿಯಲ್ಲಿ ಒಂದೇ ಸ್ಫೋಟಕ್ಕೆ ಹತ್ತಾರು ಜನ ಸುಟ್ಟುಹೋದರು. 2023ರ ಅಕ್ಟೋಬರ್ 7ರಂದು ನಮ್ಮ ಬೆಂಗಳೂರಿನ ಮಗ್ಗುಲಲ್ಲೇ, ಅತ್ತಿಬೆಲೆಯ ಪಟಾಕಿ ಗೋದಾಮಿನಲ್ಲಿ ಬೆಂಕಿ ಬಿದ್ದು 14ಕ್ಕೂ ಹೆಚ್ಚು ಜನ ಸತ್ತರು. ಹೆಚ್ಚಿನವರು ತಮಿಳುನಾಡಿನಿಂದ ಹಬ್ಬದ ಸೀಜನ್ನಿಗೆ ಕೂಲಿಗೆ ಬಂದ ಎಳೆಯ ಹುಡುಗರು. ದೀಪಾವಳಿ ಮಾತ್ರ ಆ ವರ್ಷವೂ ಆಯಿತು.

ಬೆಳಕು ಬೇಡ ಅನ್ನುವುದಕ್ಕೆ ಇದನ್ನು ಬರೆದದ್ದಲ್ಲ. ತೇರಿನ ರಾತ್ರಿ ನಾನೂ ಕತ್ತೆತ್ತಿ ನೋಡಿದವನೇ. ಆದರೆ ಬಾಣ ಮೇಲೇರಿದಾಗ ಎಲ್ಲರ ಕಣ್ಣೂ ಆಕಾಶದಲ್ಲಿರುತ್ತದೆ, ಹಚ್ಚಿದವನು ಕತ್ತಲಲ್ಲೇ ಉಳಿಯುತ್ತಾನೆ. ಇನ್ನು ಮೇಲಾದರೂ ಚರಿತ್ರೆ ಬರೆಯುವವರು ಒಂದು ಗಳಿಗೆ ಕತ್ತು ಬಗ್ಗಿಸಲಿ. ಗೋಡೆಯ ಬುಡದಲ್ಲಿ ಆ ಬಿಳಿ ಪುಡಿ ಇನ್ನೂ ಇದೆ.