ಎಲ್ಲೆಗಳ ಬದಲಾವಣೆ ಮತ್ತು ಕಾಲ್ಚೆಂಡಾಟದ ಇತಿಹಾಸ

ಕಾಲೇಜು ತಂಡವೊಂದರ ಕಾಲ್ಚೆಂಡಾಟದ ವರ್ಷವು ಮೈದಾನದಲ್ಲಿ ಮಾತ್ರ ರೂಪುಗೊಳ್ಳುವುದಿಲ್ಲ. ಕಾಲೇಜು ಯಾವ ವಿಶ್ವವಿದ್ಯಾನಿಲಯಕ್ಕೆ ಸೇರಿದೆಯೆಂಬುದು ಅದರ ಎದುರಾಳಿಗಳನ್ನೂ ಪ್ರಯಾಣದ ದಿಕ್ಕನ್ನೂ ಗೊತ್ತುಮಾಡುತ್ತದೆ. ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಇತಿಹಾಸವನ್ನು ನಾವು ಈ ದೃಷ್ಟಿಯಿಂದ ನೋಡಬೇಕಾಗಿದೆ.

1956ರ ಅಕ್ಟೋಬರ್ ಕೊನೆಯವರೆಗೆ ಈ ಮೂರು ಸೀಮೆಗಳೂ ಹೈದರಾಬಾದ್ ರಾಜ್ಯದಲ್ಲಿದ್ದವು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವೇ ಆ ರಾಜ್ಯದ ಉನ್ನತ ವ್ಯಾಸಂಗದ ಕೇಂದ್ರವಾಗಿತ್ತು. ಶಾಲಾ ಅಧ್ಯಾಪಕರಾಗಿದ್ದ ಸಯ್ಯದ್ ಅಬ್ದುಲ್ ರಹೀಮರು ತರಬೇತುಗೊಳಿಸಿದ ಹೈದರಾಬಾದ್ ಪೊಲೀಸ್ ತಂಡವು 1950ರಿಂದ 1954ರವರೆಗೆ ಸತತವಾಗಿ 5 ಸಲ ರೋವರ್ಸ್ ಕಪ್ ಗೆದ್ದುಕೊಂಡಿತು.

1956ರ ನವೆಂಬರ್ 1ರಂದು ಈ ತಾಲ್ಲೂಕುಗಳು ಮೈಸೂರು ರಾಜ್ಯಕ್ಕೆ ಸೇರಿದವು. ಸರಿಯಾಗಿ ಒಂದು ತಿಂಗಳ ತರುವಾಯ, ರಹೀಮರ ಮಾರ್ಗದರ್ಶನದ ಭಾರತ ತಂಡವು ಮೆಲ್ಬರ್ನ್ ಒಲಿಂಪಿಕ್ ಕೂಟದಲ್ಲಿ ಆಸ್ಟ್ರೇಲಿಯಾವನ್ನು 4-2ರಿಂದ ಸೋಲಿಸಿ, ಕೊನೆಗೆ ನಾಲ್ಕನೆಯ ಸ್ಥಾನ ಪಡೆಯಿತು. ಅಷ್ಟರಲ್ಲಿ ಹೈದರಾಬಾದಿನ ಆ ಪರಂಪರೆ ನಮಗೆ ನೆರೆರಾಜ್ಯದ್ದಾಗಿತ್ತು. ಇಲ್ಲಿಯ ಕಾಲೇಜುಗಳು ಧಾರವಾಡದ ಕರ್ನಾಟಕ ವಿಶ್ವವಿದ್ಯಾನಿಲಯದ ವ್ಯಾಪ್ತಿಗೆ ಬಂದವು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾನಿಲಯವು ಸ್ಥಾಪಿತವಾದ ಮೇಲೆಯೇ ಆಟದ ಕೇಂದ್ರವು ಸ್ವಂತ ಜಿಲ್ಲೆಗೆ ಮರಳಿತು.

ಇಂದಿನ ರಾಜ್ಯದ ಎಲ್ಲೆಗಳನ್ನೇ ಹಿಡಿದು ಕ್ರೀಡೆಯ ಇತಿಹಾಸವನ್ನು ಬರೆದರೆ, 1956ಕ್ಕೆ ಹಿಂದಿನ ಇಲ್ಲಿಯ ಆಟಗಾರರು ಎರಡು ಕಡೆಯೂ ಹೊರಗುಳಿಯುವ ಅಪಾಯವುಂಟು. ಒಂದು ಕಡೆ ಅವರು ಕರ್ನಾಟಕದವರು, ಇನ್ನೊಂದು ಕಡೆ ಹೈದರಾಬಾದಿನವರು. ಆದಕಾರಣ ಕಾಲೇಜುಗಳ ವಾರ್ಷಿಕ ಸಂಚಿಕೆಗಳನ್ನೂ ಹಿರಿಯರ ನೆನಪುಗಳನ್ನೂ ಸಂಗ್ರಹಿಸುವ ಕಾರ್ಯವನ್ನು ನಮ್ಮ ವಿದ್ಯಾರ್ಥಿಗಳು ಕೈಗೊಳ್ಳುವುದು ಅವಶ್ಯ. ನೆನಪಿರುವವರ ಸಂಖ್ಯೆ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದೆ.