ಹಾಸಿಗೆ ಹೊತ್ತು ಹೊರಟವರು

ಸವದತ್ತಿ ಎಲ್ಲಮ್ಮನ ಜಾತ್ರೆಗೆ ಬಂಡಿ ಕಟ್ಟಿಕೊಂಡು ಹೊರಡುತ್ತಿದ್ದ ಕುಟುಂಬಕ್ಕೆ ದಾರಿಯುದ್ದಕ್ಕೂ ಮನೆಯೆಂದರೆ ಆ ಬಂಡಿಯೇ. ರೊಟ್ಟಿಯ ಬುತ್ತಿ, ಅಡುಗೆಯ ಪಾತ್ರೆ, ಮಕ್ಕಳು, ಮುದುಕರು ಎಲ್ಲರೂ ಎಲ್ಲವೂ ಅದರೊಳಗೇ. ಬಿದಿರಿನ ಕಮಾನಿಗೆ ಚಾಪೆಯನ್ನೋ ತಾಡಪಾಲನ್ನೋ ಹೊದಿಸಿದ ಕೊಲ್ಲಾರಿ ಬಂಡಿಗೆ ಮೊದಲು ತುಂಬುತ್ತಿದ್ದುದು ಮೇವು. ಭತ್ತದ ಸೀಮೆಯಾದರೆ ಹುಲ್ಲು, ಜೋಳದ ಸೀಮೆಯಾದರೆ ಕಣಿಕೆ. ಅದರ ಮೇಲೆ ಗೋಣಿತಟ್ಟು, ಕಂಬಳಿ, ಎಲ್ಲಕ್ಕಿಂತ ಮೇಲೆ ಕೌದಿ. ಹೀಗೆ ಸಿದ್ಧವಾದ ಹಾಸಿಗೆ ದಿನ ಕಳೆದಂತೆ ತೆಳ್ಳಗಾಗುತ್ತಿತ್ತು. ಯಾಕೆಂದರೆ ತಂಗಿದಲ್ಲೆಲ್ಲ ಎತ್ತುಗಳ ಮುಂದೆ ಹಾಕುತ್ತಿದ್ದುದು ಅದೇ ಮೇವನ್ನು. ಊರಿಗೆ ಮರಳುವ ಹೊತ್ತಿಗೆ ಎತ್ತುಗಳು ಯಜಮಾನನ ಹಾಸಿಗೆಯನ್ನು ಮುಕ್ಕಾಲು ಪಾಲು ತಿಂದು ಮುಗಿಸಿರುತ್ತಿದ್ದವು.

ತಮಾಷೆಯಂತೆ ಕಂಡರೂ ಆ ಹಾಸಿಗೆಯ ಹಿಂದೆ ಗಟ್ಟಿ ತಿಳಿವಳಿಕೆಯಿತ್ತು. ಎತ್ತಿನ ಗಾಡಿಗೆ ಸ್ಪ್ರಿಂಗ್ ಇಲ್ಲ. ಗಾಲಿ ಕಲ್ಲು ಹತ್ತಿದರೆ ಪೆಟ್ಟು ನೇರ ಬೆನ್ನುಮೂಳೆಗೆ. ಸಡಿಲವಾಗಿ ತುಂಬಿದ ಹುಲ್ಲು ಆ ಪೆಟ್ಟನ್ನು ನುಂಗುತ್ತಿತ್ತು. ಹುಲ್ಲಿನ ಸಂದಿನಲ್ಲಿ ಗಾಳಿ ಆಡುವುದರಿಂದ ಬೆವರಿನ ಪಸೆ ಹಾಸಿಗೆಯಲ್ಲಿ ಉಳಿಯುತ್ತಿರಲಿಲ್ಲ. ಕಣಿಕೆ ಚುಚ್ಚುತ್ತದೆ, ಅದಕ್ಕೇ ಜೋಳದ ಸೀಮೆಯವರು ಕೌದಿಯನ್ನು ಎರಡು ಮಡಿಕೆ ಮಾಡಿ ಹಾಸುತ್ತಿದ್ದರು. ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಇಟ್ಟು, ಉದ್ದಕ್ಕೂ ದಾರ ಓಡಿಸಿ ಹೊಲಿದ ಕೌದಿ ಎಷ್ಟು ಒಗೆದರೂ ಗಂಟುಗಟ್ಟುವುದಿಲ್ಲ. ಕುರುಬರು ನೇಯ್ದ ಕರಿಕಂಬಳಿಯ ಹಾಸಿನ ನೂಲಿಗೆ ಹುಣಸೆ ಬೀಜದ ಗಂಜಿ ಹಾಕುತ್ತಾರೆ. ಅದು ಸ್ವಲ್ಪ ಸೆಟೆದು ನಿಲ್ಲುತ್ತದೆ, ತುಂತುರು ಮಳೆಗೆ ಬಗ್ಗುವುದಿಲ್ಲ. ರಾತ್ರಿ ಹಾಸಿಗೆ, ಬೆಳಗಿನ ಚಳಿಗೆ ಹೊದಿಕೆ, ಮಳೆ ಬಂದರೆ ಕೊಪ್ಪೆ. ಇಂದು ಕ್ಯಾರವಾನ್ ಮಾರುವವರು ಬಣ್ಣದ ಕಾಗದದಲ್ಲಿ ಅಚ್ಚು ಹಾಕಿಸಿ ಹೇಳುವ ಗುಣಗಳಲ್ಲಿ ಬಹುಪಾಲು ಈ ಮೂರು ವಸ್ತುಗಳಲ್ಲಿ ಇದ್ದವು.

ಬಂಡಿಯಲ್ಲಿ ಮಲಗುವವನು, ಹಾಸಿಗೆ ಹಾಸುವವನು ಒಬ್ಬನೇ. ಗಾಡಿ ಬೇರೆಯವರದಾದಾಗ ಹಾಸಿಗೆ ಯಾರ ಹೊಣೆ ಎಂಬ ಪ್ರಶ್ನೆ ಎದ್ದಿತು. ಅದಕ್ಕೆ ಈ ದೇಶ ಕೊಟ್ಟ ಉತ್ತರ ನೂರೈವತ್ತು ವರ್ಷ ಬದಲಾಗಲಿಲ್ಲ: ಮಲಗುವವನೇ ತರಬೇಕು.

ಕಂಪನಿ ಸರ್ಕಾರದ ಕಾಲದಲ್ಲಿ ದೂರ ಪ್ರಯಾಣಕ್ಕೆ ಪಲ್ಲಕ್ಕಿಯೇ ಗತಿ. ಬಿಸಿಲಿಗೆ ಹೆದರಿ ರಾತ್ರಿ ಹೊರಡುತ್ತಿದ್ದರು. ಮುಂದೆ ಪಂಜು ಹಿಡಿದವನು, ಹತ್ತು ಹನ್ನೆರಡು ಮೈಲಿಗೊಮ್ಮೆ ಬದಲಾಗುವ ಬೋಯಿಗಳು, ಒಳಗೆ ತೆಳು ಹಾಸಿಗೆಯ ಮೇಲೆ ದಿಂಬಿಗೆ ಒರಗಿದ ಸಾಹೇಬ. ಆಮೇಲೆ ಗ್ರ್ಯಾಂಡ್ ಟ್ರಂಕ್ ರಸ್ತೆಯಲ್ಲಿ ಕುದುರೆ ಕಟ್ಟಿದ ಡಾಕ್ ಗಾಡಿ ಬಂತು. ಮರದ ಪೆಟ್ಟಿಗೆಗೆ ನಾಲ್ಕು ಗಾಲಿ ಇಟ್ಟಂತಿದ್ದ ಆ ಗಾಡಿಯಲ್ಲಿ ಎದುರುಬದುರು ಎರಡು ಆಸನ. ರಾತ್ರಿಯಾದರೆ ನಡುವಿನ ಗುಂಡಿಗೆ ಹಲಗೆ ಮುಚ್ಚಿ ಪ್ರಯಾಣಿಕ ತನ್ನ ಹಾಸಿಗೆಯನ್ನು ಅದರ ಮೇಲೆ ಬಿಡಿಸುತ್ತಿದ್ದ. ಪೆಟ್ಟಿಗೆಗಳು ಹಲಗೆಯ ಕೆಳಗೆ. ಇವತ್ತಿನ ಎಷ್ಟೋ ಕ್ಯಾಂಪರ್ ವ್ಯಾನುಗಳ ಒಳಗೆ ಇಣುಕಿದರೆ ಇದೇ ವ್ಯವಸ್ಥೆ. ಮೇಜನ್ನು ಇಳಿಸಿ, ಎರಡು ಆಸನಗಳ ನಡುವಿನ ಜಾಗ ಮುಚ್ಚಿದರೆ ಮಂಚ.

ಅಮೆರಿಕದಲ್ಲಿ ಜಾರ್ಜ್ ಪುಲ್‌ಮನ್ 1859ರಲ್ಲಿ ಶಿಕಾಗೊ–ಆಲ್ಟನ್ ರೈಲಿನ ಎರಡು ಬೋಗಿಗಳನ್ನು ಮಲಗುವ ಬೋಗಿಗಳಾಗಿ ಮಾರ್ಪಡಿಸಿದಾಗ ಎದುರಿಗಿದ್ದುದೂ ಇದೇ ಲೆಕ್ಕ: ಹಗಲು ಕೂರಬೇಕು, ರಾತ್ರಿ ಮಲಗಬೇಕು, ಜಾಗ ಒಂದೇ. ಅವನೂ ಆಸನಗಳನ್ನು ಕೂಡಿಸಿದ. ಕೆಲವು ವರ್ಷಗಳ ಬಳಿಕ ಮೇಲಿನ ಮಂಚಕ್ಕೆ ಕೀಲು ಹಚ್ಚಿ ಹಗಲು ಚಾವಣಿಗೆ ಮಡಚಿಟ್ಟ. ಹಾಸಿಗೆ, ಹೊದಿಕೆಗಳೆಲ್ಲ ಆ ಮಡಿಕೆಯೊಳಗೇ. ಆದರೆ ಅವನ ಬೋಗಿಯಲ್ಲಿ ಹಾಸಿಗೆ ಟಿಕೆಟ್ಟಿನ ಜೊತೆಗೇ ಬರುತ್ತಿತ್ತು, ಹಾಸಿಕೊಡಲು ಆಳೂ ಇರುತ್ತಿದ್ದ. ಇಂಗ್ಲೆಂಡಿನಲ್ಲಿ ನೌಕಾಪಡೆಯ ನಿವೃತ್ತ ವೈದ್ಯ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ‘ವಾಂಡರರ್’ ಎಂಬ ಕುದುರೆ ಗಾಡಿ ಮಾಡಿಸಿ, ಸುಖಕ್ಕಾಗಿಯೇ ಊರೂರು ತಿರುಗಿದ. ಎರಡು ಟನ್ ತೂಗುತ್ತಿದ್ದ ಅದರಲ್ಲಿ ಹಗಲು ಸೋಫಾ, ರಾತ್ರಿ ಹಾಸಿಗೆ. ಸೇವಕ ಹಿಂಬದಿಯ ಅಡುಗೆ ಕೋಣೆಯಲ್ಲಿ ಮಲಗುತ್ತಿದ್ದ, ಗಾಡಿ ಹೊಡೆಯುವವನು ಹತ್ತಿರದ ಛತ್ರದಂಥ ವಸತಿಗೆ ಹೋಗುತ್ತಿದ್ದ. ಇಂದಿನ ಮೋಟಾರ್‌ಹೋಮ್ ವಂಶಾವಳಿಯನ್ನು ಅಲ್ಲಿನವರು ಈ ಗಾಡಿಯಿಂದ ಶುರು ಮಾಡುತ್ತಾರೆ.

ನಮ್ಮ ದೇಶಕ್ಕೆ ರೈಲು ಬಂದದ್ದು 1853ರಲ್ಲಿ. ಬೆಂಗಳೂರು ದಂಡು ಜೋಲಾರಪೇಟೆಯೊಂದಿಗೆ ಸೇರಿದ್ದು 1864ರಲ್ಲಿ. ಡಾಕ್ ಗಾಡಿಯ ಪದ್ಧತಿ ಹಾಗೆಯೇ ರೈಲಿಗೂ ಹತ್ತಿತು. ಮೊದಲ ದರ್ಜೆಯಲ್ಲೂ ರೈಲ್ವೆ ಕೊಡುತ್ತಿದ್ದುದು ಚರ್ಮ ಹೊದಿಸಿದ ಅಗಲವಾದ ಬೆಂಚು ಮಾತ್ರ. ಇಂಗ್ಲೆಂಡಿನಿಂದ ಬರುವವರಿಗಾಗಿ ಅಚ್ಚಾಗುತ್ತಿದ್ದ ಮರ್ರೆ ಕೈಪಿಡಿ ರಜಾಯಿ, ದಿಂಬು, ದುಪ್ಪಟಿ ಜೊತೆಗಿಟ್ಟುಕೊಳ್ಳಿರೆಂದು ಬುದ್ಧಿ ಹೇಳುತ್ತಿತ್ತು. 1896ರಲ್ಲಿ ಭಾಷಣ ಪ್ರವಾಸಕ್ಕೆ ಬಂದ ಮಾರ್ಕ್ ಟ್ವೇನ್ ಈ ಬೋಗಿಗಳ ಚರ್ಮದ ಸೋಫಾ, ಮೇಲೆ ತೂಗುಹಾಕಿದ ಹಲಗೆಗಳ ಬಗ್ಗೆ ಮೆಚ್ಚಿ ಬರೆದ. ಹಾಸಿಗೆ ಬಿಡಿಸಲು ಅವನಿಗೆ ಸೇವಕನಿದ್ದ ಎನ್ನುವುದನ್ನು ಮರೆಯಬಾರದು.

ಈ ಅಗತ್ಯದಿಂದ ಮನೆಮನೆಗೆ ಬಂದ ವಸ್ತು ಹೋಲ್ಡಾಲ್. ಮೂಲದಲ್ಲಿ ಅದು ಸಿಪಾಯಿಯ ಸಾಮಾನು. ಸೈನ್ಯಕ್ಕೆಂದೇ ಕಾನ್ಪುರದಲ್ಲಿ ಚರ್ಮದ, ಡೇರೆ ಬಟ್ಟೆಯ ಕಾರ್ಖಾನೆಗಳು ಬೆಳೆದಿದ್ದವು; ಅಂಥದೇ ಒರಟು ಕ್ಯಾನ್ವಾಸು, ಅಂಥದೇ ಚರ್ಮದ ಪಟ್ಟಿ ಅಮಲ್ದಾರರ, ಮೇಷ್ಟರ, ಗುಮಾಸ್ತರ ಅಟ್ಟಕ್ಕೂ ಏರಿದವು.

ಒಂದು ಹೋಲ್ಡಾಲನ್ನು ನೆಲಕ್ಕೆ ಬಿಡಿಸಿದರೆ ಆಳುದ್ದದ ಹಸಿರು ಅಥವಾ ಖಾಕಿ ಬಟ್ಟೆ. ಎರಡು ತುದಿಗೂ ದೊಡ್ಡ ಜೇಬು. ಒಂದರಲ್ಲಿ ದಿಂಬು, ಇನ್ನೊಂದರಲ್ಲಿ ಬಟ್ಟೆಬರೆ, ಟವೆಲ್ಲು, ಕಾಗದದಲ್ಲಿ ಸುತ್ತಿದ ಚಪ್ಪಲಿ. ನಡುವೆ ತೆಳು ಹತ್ತಿ ಹಾಸಿಗೆ, ಅದರ ಮೇಲೆ ಜಮಖಾನ, ದುಪ್ಪಟಿ, ರಗ್ಗು. ಎರಡೂ ಪಕ್ಕದ ಸೆರಗನ್ನು ಒಳಕ್ಕೆ ಮಡಚಿ ಸುತ್ತುತ್ತ ಬರಬೇಕು. ಸುತ್ತುವುದು ಒಬ್ಬರ ಕೆಲಸವಲ್ಲ: ಒಬ್ಬ ಸುರುಳಿಯ ಮೇಲೆ ಮಂಡಿಯೂರಿ ಒತ್ತಬೇಕು, ಇನ್ನೊಬ್ಬ ಬೆಲ್ಟಿನ ಬಕಲನ್ನು ಕೊನೆಯ ತೂತಿಗೆ ಎಳೆದು ಸಿಕ್ಕಿಸಬೇಕು. ಸಡಿಲ ಬಿಟ್ಟರೆ ಪ್ಲಾಟ್‌ಫಾರ್ಮಿನ ನಡುವೆ ದಿಂಬು ಜಾರಿ ಬಿದ್ದು ಮಾನ ಹೋಗುವುದು ಖಂಡಿತ. ಬೋಗಿ ಹತ್ತಿ ಬೆಲ್ಟು ಬಿಚ್ಚಿದರೆ ಹಾಸಿಗೆ ತಾನಾಗಿ ಬೆಂಚಿನುದ್ದಕ್ಕೂ ಉರುಳಿಕೊಳ್ಳುತ್ತಿತ್ತು. ಬೆಂಚಿನ ದೂಳು ಕ್ಯಾನ್ವಾಸಿಗೆ, ದುಪ್ಪಟಿಯಲ್ಲಿ ಮನೆಯ ವಾಸನೆ. ಇಷ್ಟು ಸರಳವಾಗಿ, ಇಷ್ಟು ಪೂರ್ಣವಾಗಿ ಕೆಲಸ ಮಾಡುವ ಪ್ರಯಾಣದ ಹಾಸಿಗೆಯನ್ನು ಆಮೇಲೆ ಯಾರೂ ಮಾಡಿಲ್ಲ ಎಂದೇ ಹೇಳಬೇಕು.

ಒಳಗಿನ ಸರಕಿನಲ್ಲಿ ಊರಿನ ಗುರುತಿರುತ್ತಿತ್ತು. ಪಟ್ಟೆಪಟ್ಟೆಯ ಹತ್ತಿ ಜಮಖಾನ ಎಲ್ಲೆಡೆ ಸಿಗುತ್ತಿತ್ತು. ಪಗಡೆ ಹಾಸು, ನವಿಲಿನ ಚಿತ್ರಗಳನ್ನು ನೇಯುವ ನವಲಗುಂದದ ಜಮಖಾನ ಮಾತ್ರ ಮದುವೆ ಮನೆಗೆ ಮೀಸಲು, ಅದನ್ನು ರೈಲಿನ ಬೆಂಚಿಗೆ ಹಾಸುವ ಧೈರ್ಯ ಯಾರಿಗೂ ಇರಲಿಲ್ಲ. ಹತ್ತಿ ಹಾಸಿಗೆ ವರ್ಷ ಕಳೆಯುವಷ್ಟರಲ್ಲಿ ಗಂಟುಗಂಟಾಗುತ್ತಿತ್ತು. ಆಗ ಪಿಂಜಾರ ಬಂದು ಬಿಲ್ಲಿನ ನಾರು ಮಿಡಿದು ಅರಳೆಯನ್ನು ಹಗುರ ಮಾಡಿ ಮತ್ತೆ ತುಂಬಬೇಕು. ದಿಂಬಿಗೆ ಬೂರುಗದ ಹತ್ತಿ. ಧಾರವಾಡದ, ಮೈಸೂರಿನ ವಿದ್ಯಾರ್ಥಿ ನಿಲಯಗಳಿಗೆ ಬರುವ ಹುಡುಗರ ಆಸ್ತಿ ಒಂದು ಟ್ರಂಕು, ಒಂದು ಹಾಸಿಗೆ ಸುರುಳಿ. ರೈಲಿಗೆ ತಂದದ್ದೇ ಛತ್ರಕ್ಕೂ, ಹಾಸ್ಟೆಲ್ಲಿಗೂ.

ಆದರೆ ಹೋಲ್ಡಾಲ್ ಬಿಡಿಸಲು ಬೆಂಚು ಬೇಕು. ಮೂರನೇ ದರ್ಜೆಯಲ್ಲಿ ಅದೆಲ್ಲಿ? 1917ರ ಸೆಪ್ಟೆಂಬರ್ 12ರಂದು ಗಾಂಧೀಜಿ ಮುಂಬಯಿಯಿಂದ ಮದ್ರಾಸಿಗೆ ಮೂರನೇ ದರ್ಜೆಯಲ್ಲಿ ಹೊರಟರು. ದಾರಿ ಎರಡು ರಾತ್ರಿಯದು. 22 ಜನ ಕೂರಬಹುದಾದ ಆ ಡಬ್ಬಿಯಲ್ಲಿ ಸುರಕ್ಷಿತವಾಗಿ ಮಲಗಲು ಒಂದೂ ಹಲಗೆ ಇರಲಿಲ್ಲ, ದಾರಿಯ ಹೆಚ್ಚಿನ ಪಾಲು 35ಕ್ಕೆ ಕಡಿಮೆಯಿಲ್ಲದಷ್ಟು ಜನ ಅದರಲ್ಲಿದ್ದರು ಎಂದು ಅವರೇ ದಾಖಲಿಸಿದ್ದಾರೆ. ಕೆಲವರು ನೆಲದ ಕೊಳೆಯಲ್ಲೇ ಮಲಗಿದ್ದರು, ಕೆಲವರು ನಿಂತೇ ಇದ್ದರು. ರಾಯಚೂರು ದಾಟಿದ ಮೇಲಂತೂ ನೂಕುನುಗ್ಗಲು ತಡೆಯಲಾರದಷ್ಟಾಯಿತಂತೆ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂಬ ಗಾದೆ ಕಟ್ಟಿದವನು ಆ ಡಬ್ಬಿ ಹತ್ತಿರಲಿಕ್ಕಿಲ್ಲ.

ಸ್ವಾತಂತ್ರ್ಯದ ಬಳಿಕ ಮಲಗುವ ಹಲಗೆಗಳು ಬಂದವು, 1974ರಲ್ಲಿ ಮೂರನೇ ದರ್ಜೆ ಎಂಬ ಹೆಸರೂ ಹೋಯಿತು. ಎರಡನೇ ದರ್ಜೆಯ ಹಲಗೆ ಮಾತ್ರ ಬರಿಯ ಮರ. ಅದನ್ನು ಮೆತ್ತಗೆ ಮಾಡಿದ್ದು ಮಧು ದಂಡವತೆ. ಮುಂಬಯಿಯ ಸಿದ್ಧಾರ್ಥ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ಈ ಸಮಾಜವಾದಿ, ತುರ್ತು ಪರಿಸ್ಥಿತಿ ಘೋಷಣೆಯಾದಾಗ ಸಂಸದೀಯ ಸಮಿತಿಯ ಕೆಲಸಕ್ಕೆ ಬೆಂಗಳೂರಿಗೆ ಬಂದಿದ್ದರು; ವಾಜಪೇಯಿ, ಅಡ್ವಾಣಿಯವರ ಜೊತೆ ಅವರನ್ನೂ ಇಲ್ಲೇ ಬಂಧಿಸಿ ಕೇಂದ್ರ ಕಾರಾಗೃಹದಲ್ಲಿಟ್ಟರು. ಇವತ್ತು ಆ ಜೈಲಿನ ಜಾಗ ಫ್ರೀಡಂ ಪಾರ್ಕ್. 1977ರಲ್ಲಿ ಜನತಾ ಸರ್ಕಾರದ ರೈಲು ಮಂತ್ರಿಯಾದವರೇ ಎರಡನೇ ದರ್ಜೆಯ ಹಲಗೆಗಳ ಮೇಲೆ ಎರಡು ಇಂಚು ದಪ್ಪದ ಫೋಮ್ ಹಾಕಿಸಲು ಹೊರಟರು. ಆ ವರ್ಷ ಡಿಸೆಂಬರ್ 26ರಂದು ಮುಂಬಯಿ–ಹೌರಾ ನಡುವೆ ಹೊರಟ ಗೀತಾಂಜಲಿ ಎಕ್ಸ್‌ಪ್ರೆಸ್ ಇಂಥ ಮೆತ್ತೆಯ ಮೊದಲ ರೈಲು. ಅದರಲ್ಲಿ ಮೊದಲ ದರ್ಜೆಯೇ ಇರಲಿಲ್ಲ. ಮಂತ್ರಿಗಳ ಕಾಲದಲ್ಲಿ ಹೊಸ ಮಾರ್ಗ, ಹೊಸ ರೈಲು ಎಷ್ಟೋ ಬಂದಿವೆ. ಕೋಟ್ಯಂತರ ಜನರ ಬೆನ್ನಿಗೆ ನೇರ ತಟ್ಟಿದ ನಿರ್ಧಾರ ಇದಕ್ಕಿಂತ ಬೇರೊಂದಿಲ್ಲ.

ಹಾಸಿಗೆಗೆ ತುಂಬುವ ಹೊಸ ಸರಕುಗಳೂ ಬಂದು ಕೂಡಿದವು. ಡನ್‌ಲಪ್ ಕಂಪನಿ 1929ರಲ್ಲೇ ರಬ್ಬರ್ ಹಾಲನ್ನು ನೊರೆಯೆಬ್ಬಿಸಿ ಲೇಟೆಕ್ಸ್ ಫೋಮ್ ಮಾಡಿತ್ತು. 1937ರಲ್ಲಿ ಜರ್ಮನಿಯ ಒಟ್ಟೊ ಬೇಯರ್, ಇಂದು ಫೋಮಿಗೆ ಬಳಸುವ ಪಾಲಿಯುರೆಥೇನ್ ಕಂಡುಹಿಡಿದ. 1962ರಲ್ಲಿ ಶುರುವಾದ ಕರ್ನಾಟಕ ಕನ್ಸ್ಯೂಮರ್ ಪ್ರಾಡಕ್ಟ್ಸ್ ತೆಂಗಿನ ನಾರಿಗೆ ರಬ್ಬರ್ ಲೇಪಿಸಿ ‘ಕರ್ಲ್‌ಆನ್’ ಹಾಸಿಗೆ ಮಾರಿತು. ಪಿಂಜಾರನ ಬಿಲ್ಲು ಮೂಲೆ ಸೇರಿತು. 1993ರಲ್ಲಿ ಮೂರು ಅಂತಸ್ತಿನ ಹವಾನಿಯಂತ್ರಿತ ಬೋಗಿ ಬಂದು, ಕಾಗದದ ಚೀಲದಲ್ಲಿ ಬಿಳಿ ದುಪ್ಪಟಿ, ಜೊತೆಗೆ ದಿಂಬು, ರಗ್ಗು ಮಧ್ಯಮ ವರ್ಗದ ಕೈಗೂ ಸಿಕ್ಕ ಮೇಲೆ ಹೋಲ್ಡಾಲ್ ಅಟ್ಟದಿಂದ ಇಳಿಯುವ ಕಾರಣವೇ ಉಳಿಯಲಿಲ್ಲ. ಕೋವಿಡ್ ಬಂದಾಗ, 2020ರಿಂದ 2022ರ ಮಾರ್ಚ್‌ವರೆಗೆ, ರೈಲ್ವೆ ಹೊದಿಕೆ ಕೊಡುವುದನ್ನು ನಿಲ್ಲಿಸಿತು. ಎರಡು ವರ್ಷ ಎಲ್ಲರೂ ಮತ್ತೆ ಮನೆಯಿಂದಲೇ ಹೊದಿಕೆ ಹೊತ್ತರು. ಕೆಎಸ್‌ಆರ್‌ಟಿಸಿಯ ಸ್ಲೀಪರ್ ಬಸ್ಸು 2023ರಲ್ಲಿ ‘ಪಲ್ಲಕ್ಕಿ’ಯಾಗಿ ರಸ್ತೆಗಿಳಿಯಿತು, ಬೋಯಿಗಳಿಲ್ಲದೆ.

ಈಗ ಬೆಂಗಳೂರಿನಿಂದ ಕೊಡಗಿಗೋ ಗೋಕರ್ಣಕ್ಕೋ ಹೊರಡುವವರಿಗೆ ಬಾಡಿಗೆ ಕ್ಯಾರವಾನ್ ಸಿಗುತ್ತದೆ. ಹೆಚ್ಚಿನವು ಟೆಂಪೊ ಟ್ರಾವೆಲರ್‌ನಂಥ ವಾಹನವನ್ನು ಒಳಗೆ ಬದಲಿಸಿ ಮಾಡಿದವು. ಹಾಸಿಗೆಯ ನಮೂನೆ ಜರ್ಮನಿಯ ವೆಸ್ಟ್‌ಫಾಲಿಯಾ ಕಂಪನಿ 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿಗೆ ಮಾಡಿಕೊಟ್ಟ ಮರದ ಪೆಟ್ಟಿಗೆಯ ಸಂತತಿ: ಆಸನದ ಮೆತ್ತೆಗಳನ್ನೇ ಸಾಲಾಗಿ ಹಾಸಿದರೆ ಮಂಚ. ತೊಡಕು ಇರುವುದೂ ಅಲ್ಲೇ. ಕೂರಲು ಗಟ್ಟಿ ಮೆತ್ತೆ ಬೇಕು, ಮಲಗಲು ಬೇರೆ ಬೇಕು. ಎರಡು ಮೆತ್ತೆ ಸೇರುವ ಸಂದು ಸರಿಯಾಗಿ ಸೊಂಟದ ಕೆಳಗೆ ಬರುತ್ತದೆ. ಪ್ಲೈವುಡ್ಡಿಗೆ ಅಂಟಿ ಕೂತ ಫೋಮಿನ ಅಡಿಯಲ್ಲಿ ಗಾಳಿಯಾಡದೆ ಪಸೆ ಕಟ್ಟುತ್ತದೆ; ಕರಾವಳಿಯ ಸೆಕೆಯಲ್ಲಿ, ಮಡಿಕೇರಿಯ ಮಳೆಯಲ್ಲಿ ಇದು ಬೇಗ ಮುಗ್ಗುಲು ಹಿಡಿಯುತ್ತದೆ.

ಕ್ಯಾರವಾನನ್ನು ಬಾಡಿಗೆಗೆ ಪಡೆಯುವ ಮೊದಲು ಆಸನಗಳನ್ನು ಮಂಚ ಮಾಡಿಸಿ ಹತ್ತು ನಿಮಿಷ ಕಾಲು ಚಾಚಿ ಮಲಗಿ ನೋಡಿ, ಮೆತ್ತೆ ಎತ್ತಿ ಅಡಿಯ ಹಲಗೆಗೆ ಗಾಳಿಯ ತೂತುಗಳಿವೆಯೇ ಎಂದೂ ನೋಡಿ. ಸಂದು ಬೆನ್ನಿಗೆ ಒತ್ತಿದರೆ ಎರಡು ಇಂಚಿನ ತೆಳು ಹತ್ತಿ ಹಾಸಿಗೆಯೊಂದನ್ನು ಸುತ್ತಿ ಡಿಕ್ಕಿಯಲ್ಲಿ ಹಾಕಿಕೊಳ್ಳಿ. ಬೆಲ್ಟು ಸಿಗದಿದ್ದರೆ ಹಗ್ಗವಾದರೂ ಸಾಕು.