ಹ್ಯಾಮಿಲ್ಟನ್–ನಾರ್ವುಡ್ ಮಾಪಕ

ಗಂಡಸರ ಆನುವಂಶಿಕ ಬೊಕ್ಕತಲೆ ಎಷ್ಟು ಮುಂದುವರಿದಿದೆ ಎಂದು ಗುರುತಿಸಲು ಚರ್ಮವೈದ್ಯರು ಬಳಸುವ ವರ್ಗೀಕರಣ. ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ 1951ರಲ್ಲಿ ಇದನ್ನು ರೂಪಿಸಿದರು; ಓಟಾರ್ ನಾರ್ವುಡ್ 1975ರಲ್ಲಿ ಪರಿಷ್ಕರಿಸಿದರು. ಪ್ರಾಯಕ್ಕೆ ಬರುವ ಮೊದಲೇ ವೃಷಣ ಕಳೆದುಕೊಂಡವರಿಗೆ ತಲೆ ಬೋಳಾಗುವುದಿಲ್ಲ ಎಂದು 1942ರಲ್ಲೇ ತೋರಿಸಿ, ಗಂಡುಹಾರ್ಮೋನಿನ ಪಾತ್ರವನ್ನು ಖಚಿತಪಡಿಸಿದವರೂ ಹ್ಯಾಮಿಲ್ಟನ್ನರೇ.

ಮಾಪಕದಲ್ಲಿ ಏಳು ಹಂತಗಳಿವೆ. ಎರಡನೆಯದರಲ್ಲಿ ಹಣೆಯ ಎರಡೂ ಮೂಲೆಗಳಲ್ಲಿ ಕೂದಲಂಚು ತ್ರಿಕೋನವಾಗಿ ಹಿಂದೆ ಸರಿದಿರುತ್ತದೆ. ಮೂರನೆಯದರಿಂದಷ್ಟೇ ಬೊಕ್ಕತಲೆ ಎನ್ನುವುದು ವಾಡಿಕೆ. ನಾಲ್ಕು ಮತ್ತು ಐದರಲ್ಲಿ ಮುಂದಲೆಯ ಬೋಳಿಗೂ ನಡುನೆತ್ತಿಯ ಬೋಳಿಗೂ ನಡುವೆ ಕೂದಲಿನ ಪಟ್ಟಿಯೊಂದು ಉಳಿದಿದ್ದು, ಆರರಲ್ಲಿ ಅದೂ ಹೋಗುತ್ತದೆ. ಏಳರಲ್ಲಿ ಉಳಿಯುವುದು ಕಿವಿಯ ಮೇಲಿಂದ ಹಿಂದಲೆ ಸುತ್ತುವ ಲಾಳಾಕಾರದ ಅಂಚು ಮಾತ್ರ. ನೆತ್ತಿ ಬೇರೆಯಾಗಿ ಬೋಳಾಗದೆ ಮುಂದಿನಿಂದ ಹಿಂದಕ್ಕೆ ಒಂದೇ ಸಮನೆ ಸರಿಯುವವರಿಗಾಗಿ ‘ಎ’ ಎಂಬ ಉಪವರ್ಗವಿದೆ.

ಚಿತ್ರ ನೋಡಿ ಅಂಕೆ ಹೇಳುವುದು ಸುಲಭ; ಆದರೆ ಒಂದೇ ತಲೆಗೆ ಇಬ್ಬರು ವೈದ್ಯರು ಬೇರೆ ಬೇರೆ ಅಂಕೆ ಕೊಡುವುದುಂಟು. ಅಂಕೆಗಿಂತ ಮೊದಲು ಕಾರಣ ತಿಳಿಯಬೇಕು. ನಾಣ್ಯದಂತೆ ದುಂಡಗೆ ಉದುರುವ ಅಲೋಪೇಶಿಯಾ ಏರಿಯೇಟಾ, ಟೈಫಾಯ್ಡ್ ಅಥವಾ ಹೆರಿಗೆಯಾದ ಎರಡು–ಮೂರು ತಿಂಗಳಿಗೆ ತಲೆತುಂಬ ಉದುರುವ ಟೆಲೋಜನ್ ಎಫ್ಲೂವಿಯಮ್ ಈ ಮಾಪಕಕ್ಕೆ ಸೇರಿದವಲ್ಲ. ಬೈತಲೆ ಅಗಲವಾಗುತ್ತ ಹೋಗುವ ಹೆಂಗಸರಿಗೆ ಲುಡ್ವಿಗ್ 1977ರಲ್ಲಿ ಮಾಡಿದ ಮೂರು ಹಂತಗಳ ವರ್ಗೀಕರಣ ಬಳಕೆಯಲ್ಲಿದೆ.